ಭಾನುವಾರಕ್ಕೆ ಚಟ್ನಿಪುಡಿ
ಯುರೋಪಿನಲ್ಲಿ ಒಂದು ಸೆಮಿಸ್ಟರ್ ಎಂದರೆ ವಾರಾಂತ್ಯಕ್ಕೊಂದು ದೇಶ ಸುತ್ತುವ ಅವಕಾಶ ಎಂಬ ಧಾಟಿಯಲ್ಲಿ, ವಿದೇಶದಲ್ಲಿ ಓದುವ ಕುರಿತು ನಾನು ಓದಿದ ಲೇಖನವೊಂದು ಸಾಗಿದೆ. ಚಳಿಗಾಲದ ಸೆಮಿಸ್ಟರನ್ನು ಜರ್ಮನಿಯ ಆಖನ್ ನಗರದಲ್ಲಿ ಕಳೆದ ನನಗೆ, ನೆದರ್‌ಲ್ಯಾಂಡ್ಸ್ ಗಡಿ ಸಿಟಿ ಬಸ್ಸಿನಲ್ಲೇ ಹೋಗಿಬರುವಷ್ಟು ಹತ್ತಿರವಿದ್ದರೂ, ನೆನಪಿನಲ್ಲಿ ಉಳಿದಿರುವುದು ದಿನನಿತ್ಯದ ಸಣ್ಣ ಸಂಗತಿಗಳೇ.

ವೇಳಾಪಟ್ಟಿಯಲ್ಲಿ 10 ಗಂಟೆ ಎಂದಿದ್ದು ಪಕ್ಕದಲ್ಲಿ ‘ಸಿ.ಟಿ.’ ಎಂಬ ಎರಡಕ್ಷರವಿದ್ದರೆ ತರಗತಿ ಆರಂಭವಾಗುವುದು 10.15ಕ್ಕೆ, ಇದು ತಿಳಿಯದ ನಾನು ಮೊದಲ ದಿನ ಖಾಲಿ ಕೊಠಡಿಯಲ್ಲಿ ಕುಳಿತು, ಬಾಗಿಲು ತಪ್ಪಿ ಬಂದೆನೇನೋ ಎಂದು ಚಡಪಡಿಸಿದ್ದೆ. ಪಾಠ ಮುಗಿದೊಡನೆ ಎಲ್ಲರೂ ಬೆರಳ ಗೆಣ್ಣುಗಳಿಂದ ಮೇಜು ಬಡಿದಾಗ ಪ್ರಾಧ್ಯಾಪಕರ ಮೇಲೆ ಸಿಟ್ಟಿರಬೇಕೆಂದು ಭಾವಿಸಿದೆ. ಅಲ್ಲಿ ಚಪ್ಪಾಳೆಯ ಬದಲಿಗೆ ಮೆಚ್ಚುಗೆ ಸೂಚಿಸುವ ರೀತಿಯೇ ಅದು.

ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಅಕ್ಕಿ, ಮೊಸರು, ತರಕಾರಿಗಳನ್ನು ಶನಿವಾರ ರಾತ್ರಿಯೊಳಗೆ ತಂದಿಟ್ಟುಕೊಳ್ಳಬೇಕು. ಇದನ್ನು ಮರೆತ ಮೊದಲ ವಾರ ನನ್ನ ಪಾಲಿಗೆ ಉಳಿದಿದ್ದು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಮತ್ತು ಒಣಗಿದ ಅರ್ಧ ಬ್ರೆಡ್ಡು. ನೀರಿನ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ 25 ಸೆಂಟ್ ಠೇವಣಿ ಇರುತ್ತದೆ. ಎಂಟು ಬಾಟಲಿಗಳನ್ನು ಕೂಡಿಟ್ಟು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ 2 ಯೂರೊ ಮೌಲ್ಯದ ರಸೀದಿ ಹೊರಬರುತ್ತದೆ; ತಿಂಗಳ ಕೊನೆಯಲ್ಲಿ ಅದು ಸಣ್ಣ ಮೊತ್ತವೇನಲ್ಲ!

ಡಿಸೆಂಬರಿನಲ್ಲಿ ಸಂಜೆ 4.30ರ ಹೊತ್ತಿಗೇ ಸೂರ್ಯ ಮುಳುಗುತ್ತಿದ್ದುದರಿಂದ ನಾವೆಲ್ಲ ಹಾಸ್ಟೆಲಿನ ಸಾಮೂಹಿಕ ಅಡುಗೆಮನೆಯಲ್ಲಿ ಸೇರುತ್ತಿದ್ದೆವು. ನಾನು ಸಾರಿಗೆ ಒಗ್ಗರಣೆ ಹಾಕುವಾಗಲೆಲ್ಲ, ಹೊಗೆಗೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳದಿರಲೆಂದು ಪೋಲೆಂಡಿನ ಸಹಪಾಠಿಯೊಬ್ಬ ಆ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದು ಟವೆಲ್ ಬೀಸುತ್ತ ನಿಲ್ಲುತ್ತಿದ್ದ.