ಎಲ್ಲಿಂದ ಹೊರಟವರು ಅಂತ ಯಾರೂ ಕೇಳಲ್ಲ

ಭಾನುವಾರ ಊರಿಗೆ ಹೋಗಿದ್ದೆ. ನಮ್ಮೂರು ನಿಮಗೆ ಗೊತ್ತಲ್ಲ, ಸಾಗರದಿಂದ ಹೋಗಿ ಹೊಳೆಬಾಗಿಲಲ್ಲಿ ಶರಾವತಿ ಹಿನ್ನೀರು ದಾಟಿ ತುಮರಿ ಕಡೆ. ಹೆಂಗಸರು ಸೇರಿ ಉಳಿತಾಯ ಮಾಡಿ ಸಾಲ ಕೊಡುವ ಸ್ತ್ರೀಶಕ್ತಿ ಸಂಘದ ವಾರ್ಷಿಕ ಸಭೆ ಇತ್ತು. "ಲೆಕ್ಕ ಒಂಚೂರು ನೋಡಿಕೊಡು ಬಾರೆ" ಅಂತ ನನ್ನನ್ನೂ ಕರೆದಿದ್ದರು. ಖುಷಿಯಲ್ಲಿ ಹೋದವಳು ಸಿಟ್ಟು ಹೊತ್ತುಕೊಂಡು ಸಾಗರಕ್ಕೆ ಬಂದೆ. ಎರಡು ದಿನ ಆಯ್ತು, ಇನ್ನೂ ಇಳಿದಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ವಯಸ್ಸು ಐವತ್ತೆಂಟು. ಒಂದು ದಿನವೂ ಶಾಲೆಗೆ ಹೋದವರಲ್ಲ. ಈ ಸಲ ಜಮಾ ಖರ್ಚು ಓದುವ ಸರದಿ ಅವರದ್ದು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮೈಕ್ ಮುಂದೆ ನಿಂತರು. ಪುಸ್ತಕ ನಡುಗಿದ ಹಾಗೆಲ್ಲ ಬಳೆ ಸದ್ದು ಮೈಕಿನಲ್ಲಿ ಕೇಳುತ್ತಿತ್ತು. ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು, ಸಾಲಿನ ಕೆಳಗೆ ಬೆರಳಿಟ್ಟು ಓದಲು ಶುರು ಮಾಡಿದರು. ಉಳಿತಾಯ ಇಷ್ಟು. ಸಾಲ ಕೊಟ್ಟಿದ್ದು ಇಷ್ಟು. ಬಡ್ಡಿ ಬಂದಿದ್ದು ಇಷ್ಟು. ಸುತ್ತುನಿಧಿ ಇಷ್ಟು. 'ಪ್ರೋತ್ಸಾಹಧನ' ಅನ್ನುವಲ್ಲಿ ಬೆರಳು ನಿಂತಿತು. "ಪ್ರೋ... ಪ್ರೋತ್..." ಅಂದರು. ಮತ್ತೆ ಹಿಂದಕ್ಕೆ ಹೋಗಿ ಮೊದಲಿಂದ ಓದಿದರು. ಮುಂದೆ ಕೂತ ಹೆಂಗಸರ ತುಟಿಯೂ ಅವರ ಜೊತೆ ಅಲ್ಲಾಡುತ್ತಿತ್ತು. ಮೂರನೇ ಸಲಕ್ಕೆ ಆ ಪದ ದಾಟಿತು. ಕೊನೆಯ ಉಳಿಕೆಯವರೆಗೂ ಓದಿ ಮುಗಿಸಿದರು. ಒಂದು ಅಂಕಿಯೂ ತಪ್ಪಿರಲಿಲ್ಲ. ನಾನು ಪಕ್ಕದಲ್ಲೇ ಕೂತು ತಾಳೆ ನೋಡುತ್ತಿದ್ದೆ.

ಆಮೇಲೆ ಎದ್ದಿದ್ದು ಶಿವಮೊಗ್ಗದಿಂದ ಬಂದ ಅತಿಥಿ. ಅವರ ಮೊದಲ ಮಾತೇ ಇದು. "ಸಂಘ ಶುರುವಾಗಿ ಇಪ್ಪತ್ತು ವರ್ಷ ಮೇಲಾಯ್ತು. ಇನ್ನೂ ಒಂದು ಪುಟ ನೆಟ್ಟಗೆ ಓದಕ್ಕೆ ಬರಲ್ಲ ಅಂದ್ರೆ ಹೇಗಮ್ಮಾ? ಬೇರೆ ಕಡೆ ಸಂಘದವರು ಮೊಬೈಲಲ್ಲೇ ಲೆಕ್ಕ ಇಡ್ತಿದಾರೆ."

ಹಿಂದೆ ಯಾರೋ ನಕ್ಕರು. ಅಕ್ಕನೂ ಸೆರಗು ಎಳೆದುಕೊಂಡು ನಕ್ಕರು. ಆ ನಗು ನನಗೆ ಗೊತ್ತು. ಅಳು ಬರಬಾರದು ಅಂತ ನಗುವ ನಗು ಅದು.

ಆ ಅತಿಥಿಯ ಕೈಗೆಟುಕುವ ಜಾಗದಲ್ಲೇ ಸಂಘದ ಹಳೆ ನಡಾವಳಿ ಪುಸ್ತಕ ಇತ್ತು. ಅವರು ತೆರೆದೂ ನೋಡಲಿಲ್ಲ. ನಾನು ತೊಡೆ ಮೇಲೆ ಎಳೆದುಕೊಂಡು ನೋಡಿದೆ. ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿದ್ದು 2000ನೇ ಇಸವಿಯಲ್ಲಿ. ನಮ್ಮೂರಲ್ಲಿ ಸಂಘ ಕಟ್ಟಿದ್ದು 2003ರಲ್ಲಿ, ಅಂಗನವಾಡಿ ಟೀಚರ್ ಮನೆ ಮನೆ ತಿರುಗಿದ ಮೇಲೆ. ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ಮೊದಲ ಪುಟದಲ್ಲಿ ಹದಿನಾಲ್ಕು ಜನರ ಹೆಸರು, ಹನ್ನೊಂದು ಹೆಬ್ಬೆಟ್ಟು. ಕೆಲವು ಒಂದರ ಮೇಲೊಂದು ಬಿದ್ದಿವೆ. ಒಂದರಲ್ಲಿ ಗೆರೆಗಳೇ ಇಲ್ಲ, ಬರೀ ನೇರಳೆ ಮಚ್ಚೆ. ಅಡಿಕೆ ಸುಲಿದು ಸುಲಿದು ಬೆರಳು ನಯವಾಗಿ ಹೋದವರದ್ದು. ಅಲ್ಲಿಂದ ಸುಮಾರು ಮೂವತ್ತು ಪುಟ ತಿರುಗಿಸಿದರೆ ಈ ಅಕ್ಕನ ಮೊದಲ ಸಹಿ ಸಿಗುತ್ತದೆ. ಮೊದಲಕ್ಷರ ದೊಡ್ಡದು, ಕೊನೆಯಕ್ಷರ ಸಾಲು ಬಿಟ್ಟು ಕೆಳಗಿಳಿದಿದೆ. ನಡುವೆ ಒಂದು ಕಡೆ ತಪ್ಪಾಗಿ, ಎಂಜಲು ಬೆರಳಲ್ಲಿ ಒರೆಸಲು ಹೋಗಿ ಕಾಗದ ತೂತಾಗಿದೆ. ಮಗಳು ಒಲೆ ಮುಂದೆ ಇದ್ದಿಲಲ್ಲಿ ನೆಲದ ಮೇಲೆ ಬರೆದು ಕಲಿಸಿದ ಸಹಿ ಅದು. ಗಂಡ ಬೈಯುತ್ತಾನೆ ಅಂತ ಅವನು ಮಲಗಿದ ಮೇಲೆ ಕಲಿತಿದ್ದು.

ಆ ಮಸಿ ಮಚ್ಚೆಯಿಂದ ಈ ಮೈಕಿನವರೆಗೆ ಎಷ್ಟು ದೂರ ಆಯ್ತು ಹೇಳಿ. ಇದನ್ನು ನೋಡದೆ 'ಇನ್ನೂ ಇಷ್ಟೇನಾ' ಅನ್ನುವವರ ಮೇಲೆ ನನಗೆ ನಿಜವಾಗಿ ಕೋಪ ಬರುತ್ತದೆ.

ನಾನು ಕೆಲಸ ಮಾಡುವುದು ಅಡಿಕೆ ಮಂಡಿಯಲ್ಲಿ ಅಂತ ನಿಮಗೆಲ್ಲ ಗೊತ್ತು. ಅಲ್ಲಿ ಅಡಿಕೆಗೆ ದರ್ಜೆ ಇದೆ, ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಕೈಯಲ್ಲಿ ಹಿಡಿದು ನೋಡಿ ದರ ಹೇಳುತ್ತಾರೆ. ಯಾವ ತೋಟದ್ದು, ಆ ವರ್ಷ ಕೊಳೆ ರೋಗ ಬಂದಿತ್ತಾ, ಮರ ಹತ್ತಿ ಕೊಯ್ಯುವ ಕೊನೆಗಾರ ಸಿಕ್ಕಿದ್ದನಾ ಅಂತ ಯಾರೂ ಕೇಳುವುದಿಲ್ಲ. ಅಡಿಕೆಗೆ ಅದು ಸರಿ. ಮನುಷ್ಯರಿಗೂ ಅದೇ ಕಣ್ಣಾ?

ನನ್ನ ವಿಷಯ ಹೇಳುತ್ತೇನೆ. 1999ರಲ್ಲಿ ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ ಫೇಲಾದೆ. ಮತ್ತೆ ಕಟ್ಟಿ ಸಾಗರದಲ್ಲಿ ಪರೀಕ್ಷೆ ಬರೆದು ಬರುವಾಗ ಹಿನ್ನೀರು ದಾಟಿಸುವ ಕೊನೆಯ ಲಾಂಚ್ ತಪ್ಪಿತು. ಆಗ ಲಾಂಚ್ ತಪ್ಪಿದರೆ ಮುಗೀತು. ನಿಟ್ಟೂರಿನ ಮೇಲೆ ಸುತ್ತಿ ಹೋಗಲು ನಮ್ಮ ಹತ್ತಿರ ವಾಹನ ಎಲ್ಲಿತ್ತು? ಅಪ್ಪ ನಾನು ಇಬ್ಬರೂ ದಡದ ಅಂಗಡಿ ಜಗಲಿಯಲ್ಲಿ ರಾತ್ರಿ ಕಳೆದೆವು. ಮಳೆ ಜೋರು. ಪ್ರಶ್ನೆ ಪತ್ರಿಕೆ ಒದ್ದೆ ಆಗಬಾರದು ಅಂತ ಅಪ್ಪ ಅಂಗಿಯೊಳಗೆ ಇಟ್ಟುಕೊಂಡಿದ್ದರು. ಅವರಿಗೆ ಅದರಲ್ಲಿ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆ ಸಲವೂ ಪಾಸಾಗಲಿಲ್ಲ.

ಮೂರು ಕೊಯ್ಲು ಅಡಿಕೆ ಸುಲಿದೆ. ಡಬ್ಬಕ್ಕೆ ಇಷ್ಟು ಕೂಲಿ ಅಂತ ಲೆಕ್ಕ. ಹಸಿ ಅಡಿಕೆಯ ಚೊಗರು ಕಲೆ ಉಗುರಿನೊಳಗೆ ಕೂತರೆ ತಿಂಗಳಾದರೂ ಹೋಗುವುದಿಲ್ಲ. ಸುಲಿಯುವ ಮೆಟ್ಟುಕತ್ತಿ ತಾಗಿದ ಗಾಯದ ಗುರುತು ಎಡಗೈ ಹೆಬ್ಬೆರಳಲ್ಲಿ ಇನ್ನೂ ಇದೆ. ಆಮೇಲೆ ಪಾಸಾದೆ. ಸಂಬಂಧಿಕರ ಮನೆ ಕೆಲಸ ಮಾಡಿಕೊಂಡು ಪಿಯುಸಿ, ಮಂಡಿಯಲ್ಲಿ ಚೀಟಿ ಬರೆಯುತ್ತಾ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಕಾಂ. ಈಗ ಮಂಡಿಯ ಪೂರ್ತಿ ಲೆಕ್ಕ ನನ್ನ ಕೈಯಲ್ಲಿದೆ. ಜಿಎಸ್‌ಟಿ ನೋಟಿಸ್ ಬಂದರೆ ಇಂಗ್ಲಿಷ್‌ನಲ್ಲಿ ಓದಿ, ಇಂಗ್ಲಿಷ್‌ನಲ್ಲೇ ಉತ್ತರ ಬರೆಯುವವಳು ನಾನೇ.

ಮದುವೆ ಮನೆಯಲ್ಲಿ ಸಿಕ್ಕವರು ಏನು ಕೇಳುತ್ತಾರೆ ಗೊತ್ತಾ? "ಇನ್ನೂ ಅದೇ ಮಂಡಿಯಲ್ಲೇ ಇದೀಯಾ?" ಆ 'ಇನ್ನೂ' ಅನ್ನುವ ಪದ ಇದೆಯಲ್ಲ, ಅದು ಒಂದೇ ಏಟಿಗೆ ಇಪ್ಪತ್ತೈದು ವರ್ಷ ಅಳಿಸಿಬಿಡುತ್ತದೆ.

ನಮ್ಮ ಮುಳುಗಡೆ ಜನಕ್ಕೆ ಈ ಪದ ಹೊಸದಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಆಯ್ತು, ನಮ್ಮ ಜಮೀನು ನೀರಿನಡಿ ಹೋಯಿತು. ಶರಾವತಿಯ ಕರೆಂಟ್ ಊರೂರಿಗೆ ಹೋಯಿತು. ನಮ್ಮಜ್ಜ ಬಾಗಿಲ ಚೌಕಟ್ಟು ಕಿತ್ತು, ಗಾಡಿ ಮೇಲೆ ಹಾಕಿಕೊಂಡು, ಗುಡ್ಡದ ಮೇಲೆ ಬಂದು ಸೋಗೆ ಮನೆ ಕಟ್ಟಿದರು. ಗದ್ದೆ ಇಲ್ಲ, ತೋಟ ಇಲ್ಲ, ಕೈಯಲ್ಲಿ ಕಾಗದ ಇಲ್ಲ. ನಾನು ಆರನೇ ಕ್ಲಾಸಿಗೆ ಬಂದಾಗ ನಮ್ಮ ಮನೆಗೆ ಬಲ್ಬ್ ಬಂತು. ಅಂಥ ಜನರನ್ನು ನೋಡಿ 'ಇವರು ಇನ್ನೂ ಮುಂದೆ ಬರಲಿಲ್ಲ' ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಎಲ್ಲವೂ ಇದ್ದ ಜಾಗದಿಂದ ಹೊರಟವರೂ ಎಲ್ಲ ಮುಳುಗಿದ ಮೇಲೆ ಹೊರಟವರೂ ಒಂದೇ ಗೆರೆಯಲ್ಲಿ ನಿಂತಿದ್ದರಾ? ಬೇಸಿಗೆಯಲ್ಲಿ ನೀರು ಇಳಿದಾಗ, ಈ ಹಿನ್ನೀರಲ್ಲೇ ಮುಳುಗಿದ ಮಡೇನೂರಿನ ಹಳೆ ಅಣೆಕಟ್ಟು ಮೇಲೆ ಬರುತ್ತದೆ. ಆಗ ಎಲ್ಲಿಂದೆಲ್ಲಿಂದಲೋ ಬಂದು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ನೀರಿನಡಿ ಏನಿತ್ತು ಅಂತ ತಿಳಿಯಲು ಅಷ್ಟು ಆಸೆ ಇರುವವರು ಎದುರಿಗೆ ನಿಂತ ಮನುಷ್ಯರನ್ನು ಎಲ್ಲಿಂದ ಹೊರಟಿರಿ ಅನ್ನುವ ಒಂದು ಪ್ರಶ್ನೆ ಕೇಳಬಾರದಾ?

ಇದನ್ನು ನನ್ನ ತಮ್ಮನ ಹತ್ತಿರ ಹೇಳಿದೆ. "ಹಾಗೆ ಹಿಂದೆ ನೋಡ್ತಾ ಕೂತರೆ ಇದ್ದಲ್ಲೇ ಇರ್ತೀವಿ ಅಕ್ಕಾ. ಸಾಲದು ಅಂತ ಯಾರಾದ್ರೂ ಹೇಳಿದ್ರೇನೇ ಮುಂದೆ ಹೋಗೋದು" ಅಂದ. ಒಳ್ಳೆ ಹುಡುಗ, ಆದರೆ ಈ ಮಾತು ನಾನು ಒಪ್ಪಲ್ಲ. 'ಸಾಲದು' ಅಂತ ಕೇಳಿ ನಾನು ಒಂದು ಹೆಜ್ಜೆಯೂ ಮುಂದೆ ಇಟ್ಟಿಲ್ಲ. ಫೇಲಾದಾಗ ಊರೆಲ್ಲ ಅಂದಿದ್ದು ಅದನ್ನೇ. ಆಗ ಪುಸ್ತಕ ಮುಟ್ಟಲೂ ಮನಸ್ಸು ಬರುತ್ತಿರಲಿಲ್ಲ. ಮತ್ತೆ ಓದಿದ್ದು ಅಮ್ಮನಿಂದ. "ಹೋದ ಸಲ ಹತ್ತೊಂಬತ್ತು ಬಂದಿತ್ತು, ಈ ಸಲ ಇಪ್ಪತ್ತೆಂಟು ಬಂತಲ್ಲ ಮಗಾ" ಅಂದಿದ್ದಳು. ಎರಡೂ ಫೇಲೇ. ಆ ಒಂಬತ್ತು ಮಾರ್ಕು ಜಾಸ್ತಿ ಬಂದಿದ್ದನ್ನು ನೋಡಿದ್ದು ಅವಳೊಬ್ಬಳೇ.

ಇನ್ನೊಂದು ವಿಷಯ ಇದೆ. ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಈ ಹೆಬ್ಬೆರಳಿನ ಗುರುತು ಏನು ಅಂತ ಮಂಡಿಯಲ್ಲಿ ಒಬ್ಬರು ಕೇಳಿದಾಗ, ತರಕಾರಿ ಹೆಚ್ಚುವಾಗ ಆಗಿದ್ದು ಅಂದಿದ್ದೆ. ಎಷ್ಟೋ ವರ್ಷ ಅದನ್ನೇ ಹೇಳಿದೆ. ಸುಲಿದವಳು ಅಂತ ಗೊತ್ತಾದರೆ ಬೆಲೆ ಕಡಿಮೆ ಆಗುತ್ತದೆ ಅನ್ನುವ ಭಯ. ನಡೆದು ಬಂದ ದಾರಿಯನ್ನು ನಾನೇ ಮುಚ್ಚಿಟ್ಟಿದ್ದೆ. ಮೊನ್ನೆ ಆ ಅತಿಥಿ ಮಾತಾಡಿದಾಗಲೂ ಹಳೆ ಪುಸ್ತಕ ನನ್ನ ತೊಡೆ ಮೇಲೇ ಇತ್ತು. ಎದ್ದು ಆ ಹೆಬ್ಬೆಟ್ಟಿನ ಪುಟ ತೋರಿಸಬಹುದಿತ್ತು. ಏಳಲಿಲ್ಲ. ಎರಡು ದಿನದಿಂದ ನಿದ್ದೆ ಕೆಡಿಸಿರುವುದು ಅವರ ಮಾತಿಗಿಂತ ಜಾಸ್ತಿ ಇದೇ.

ಸಭೆ ಮುಗಿದ ಮೇಲೆ ಅಕ್ಕನ ಮನೆಗೆ ಹೋದೆ. ಕ್ಷಮಿಸಿ ಅಕ್ಕಾ, ನಾನು ಮಾತಾಡಬೇಕಿತ್ತು ಅಂದೆ. ಅವರು ಕಷಾಯ ಬಗ್ಗಿಸುತ್ತಾ, "ಬಿಡೇ ಮಾರಾಯ್ತಿ. ಅವರು ಹೇಳಿದ್ದು ಸುಳ್ಳಲ್ಲ, ತಡವರಿಸಿದ್ದು ಹೌದು. ಆದ್ರೆ ನಾ ಓದಿದ್ದೂ ಸುಳ್ಳಲ್ಲ ಅಲ್ದನಾ?" ಅಂದರು. ಆಮೇಲೆ ನನ್ನ ಕೈ ಹಿಡಿದು, ಹೆಬ್ಬೆರಳು ತಿರುಗಿಸಿ ನೋಡಿ, "ಇದು ನಮ್ಮ ಕೊಟ್ಟಿಗೆಯಲ್ಲಿ ಸುಲಿಯುವಾಗ ಆಗಿದ್ದಲ್ಲವನೇ? ಅರಿಶಿನ ಹಚ್ಚಿದ್ದೆ" ಅಂದರು. ಅವರಿಗೆ ನೆನಪಿತ್ತು.

ಹೊರಡುವಾಗ ರಾತ್ರಿ ಎಂಟೂವರೆ. ಮೊದಲಾಗಿದ್ದರೆ ಆ ಹೊತ್ತಿಗೆ ಹೊರಡುವ ಮಾತೇ ಇರಲಿಲ್ಲ. 2025ರ ಜುಲೈ 14ಕ್ಕೆ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆ ಆದ ಮೇಲೆ 2.44 ಕಿಲೋಮೀಟರ್ ನೀರನ್ನು ಕೆಲವೇ ನಿಮಿಷದಲ್ಲಿ ದಾಟುತ್ತೇವೆ. ತಮ್ಮನ ಬೈಕ್ ಹಿಂದೆ ಕೂತಿದ್ದೆ. ನಡು ಸೇತುವೆಯಲ್ಲಿ ನಿಲ್ಲಿಸು ಅಂದೆ. ಕೆಳಗೆ ಕತ್ತಲೆ ನೀರು, ಆಚೆ ದಡದಲ್ಲಿ ನಾವು ಮಲಗಿದ್ದ ಜಗಲಿಯ ದಿಕ್ಕು. ಅಪ್ಪ ಇದನ್ನು ನೋಡಲಿಲ್ಲ.

ಇವತ್ತು ಬೆಳಗ್ಗೆ ಅಕ್ಕನ ಮೊಮ್ಮಗಳ ಮೊಬೈಲಿಂದ ಒಂದು ಫೋಟೋ ಬಂತು. ಎರಡು ಗೆರೆ ಕಾಪಿ ಪುಸ್ತಕದ ಪುಟ. ಮೇಲೆ ತಾರೀಕು. ಕೆಳಗೆ ಹತ್ತು ಸಲ 'ಪ್ರೋತ್ಸಾಹಧನ'. ಮೊದಲ ನಾಲ್ಕರಲ್ಲಿ 'ಸ'ದ ಒತ್ತು ಕೆಳಗಿನ ಸಾಲಿಗೆ ಹೋಗಿ ತಾಗಿದೆ. ಐದನೆಯದರಿಂದ ಗೆರೆಯೊಳಗೇ ಕೂತಿದೆ.