ವಂದನಾರ್ಪಣೆ ಎಂಬ ಎರಡೂವರೆ ನಿಮಿಷ

ನವೆಂಬರ್ 1 ಒಂದೇ ದಿನವಾದರೂ ರಾಜ್ಯೋತ್ಸವ ಮುಗಿಯುವುದು ನವೆಂಬರ್ 30ಕ್ಕೆ. ಶಾಮಿಯಾನದವರು ಸಿಗದ ಬಡಾವಣೆಗಳಲ್ಲಿ ಅದು ಡಿಸೆಂಬರಿಗೂ ಕಾಲಿಡುತ್ತದೆ. ಈ ಅವಧಿಯಲ್ಲಿ ಎಷ್ಟು ವೇದಿಕೆಗಳು ಏಳುತ್ತವೋ ಅಷ್ಟರ ಮೇಲೂ ಒಬ್ಬ ಬಡಪಾಯಿ ಇರುತ್ತಾನೆ. ಕೊನೆಯ ಕುರ್ಚಿಯಲ್ಲಿ ಕೂತು, ಕುರ್ಚಿ ಸಾಲದಿದ್ದರೆ ಮೆಟ್ಟಿಲ ಪಕ್ಕ ನಿಂತು, ನಾಲ್ಕು ಮಡಿಕೆಯ ಹಾಳೆಯೊಂದನ್ನು ಬೆವರಿನಲ್ಲಿ ನೆನೆಸುತ್ತಿರುತ್ತಾನೆ. ಅವನೇ ವಂದನಾರ್ಪಣೆಯವನು.

ಸಂಘದಲ್ಲಿ ಈ ಕೆಲಸ ಯಾರಿಗೆ ಬೀಳುತ್ತದೆ ಎಂಬುದಕ್ಕೆ ಬೈಲಾದಲ್ಲಿ ಏನೂ ಬರೆದಿರುವುದಿಲ್ಲ. ಸ್ವಾಗತ ಭಾಷಣ ಕಾರ್ಯದರ್ಶಿಯದ್ದು, ಪ್ರಾಸ್ತಾವಿಕ ನುಡಿ ಹಿರಿಯರೊಬ್ಬರದ್ದು, ನಿರೂಪಣೆ ಧ್ವನಿ ಚೆನ್ನಾಗಿರುವವರದ್ದು. ಇವನ್ನೆಲ್ಲ ಹಂಚುವ ದಿನದ ಸಭೆಗೆ ಬಾರದವರ ತಲೆಗೆ ವಂದನಾರ್ಪಣೆ. ಸಾಮಾನ್ಯವಾಗಿ ಸಹಕಾರ್ಯದರ್ಶಿ, ಇಲ್ಲವೇ ಖಜಾಂಚಿ. ಖಜಾಂಚಿಗೆ ಕೊಡುವುದರಲ್ಲಿ ಒಂದು ನ್ಯಾಯವೂ ಇದೆ: ಯಾರು ದುಡ್ಡು ಕೊಟ್ಟರು, ಯಾರು ಕೊಡುತ್ತೇನೆಂದು ಹೇಳಿ ಫೋನ್ ಎತ್ತುತ್ತಿಲ್ಲ ಎಂಬುದು ಅವರೊಬ್ಬರಿಗೇ ಗೊತ್ತು.

ಮೊದಲು ಕಾಲದ ಲೆಕ್ಕ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಎಂದು 2022ರಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಅದಕ್ಕೂ ಮುಂಚೆ ಒಬ್ಬೊಬ್ಬರ ರಾಗಕ್ಕೆ ಒಂದೊಂದು ಅಳತೆ, ನಿಂತವರ ಮಂಡಿಗೆ ಒಂದೊಂದು ಪರೀಕ್ಷೆ. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡ್ ಎಂಬುದು ಹಳೆಯ ಕಟ್ಟಳೆ. ವಂದನಾರ್ಪಣೆಗೆ ಮಾತ್ರ ಇನ್ನೂ ಯಾವ ಆದೇಶವೂ ಬಂದಿಲ್ಲ. ಬರುವ ತನಕ ನಾಡಗೀತೆಯ ಎರಡೂವರೆ ನಿಮಿಷವನ್ನೇ ಗಡಿ ಎಂದುಕೊಳ್ಳುವುದು ಕ್ಷೇಮ. ನಾಡಿನ ಅಷ್ಟೂ ಕವಿಗಳು, ಆಚಾರ್ಯರು, ರಾಜರು ಅಷ್ಟರೊಳಗೆ ಹಿಡಿಸುತ್ತಾರೆಂದ ಮೇಲೆ ನಮ್ಮ ಶಾಮಿಯಾನದವರು, ಹೂವಿನವರು ಹಿಡಿಸದೆ ಇರುತ್ತಾರೆಯೇ?

ಹಿಡಿಸುವುದಿಲ್ಲ, ಅದೇ ತೊಂದರೆ. ಕೈಯಲ್ಲಿ ಗಡಿಯಾರ ಹಿಡಿದು ಓದಿ ನೋಡಿ. ಹೆಸರು, ಹುದ್ದೆ, ಮಾಡಿದ ಉಪಕಾರ, ಕೊನೆಗೆ ‘ಅವರಿಗೆ ಸಂಘದ ಪರವಾಗಿ ಹೃತ್ಪೂರ್ವಕ ವಂದನೆಗಳನ್ನು ಅರ್ಪಿಸುತ್ತೇನೆ’ ಎಂದರೆ ತಲೆಗೆ ಎಂಟು ಸೆಕೆಂಡಿಗೆ ಕಡಿಮೆಯಿಲ್ಲ. ಪಟ್ಟಿಯಲ್ಲಿ 40 ಹೆಸರಿದ್ದರೆ 320 ಸೆಕೆಂಡ್, ಅಂದರೆ ಐದು ನಿಮಿಷ ದಾಟಿತು. ಇಲ್ಲಿ ಹೆಸರು ಕಡಿಮೆ ಮಾಡಲು ಹೋಗಬೇಡಿ, ಅದು ಆತ್ಮಹತ್ಯೆ. ಕ್ರಿಯಾಪದ ಕಡಿಮೆ ಮಾಡಿ. ‘ಉದ್ಘಾಟಿಸಿದ ಇಂಥವರು, ಅಧ್ಯಕ್ಷತೆ ವಹಿಸಿದ ಇಂಥವರು, ಉಪನ್ಯಾಸ ನೀಡಿದ ಇಂಥವರು, ಇವರೆಲ್ಲರಿಗೂ ವಂದನೆಗಳು’ ಎಂದು ಕಂತೆ ಕಟ್ಟಿದರೆ ಒಬ್ಬೊಬ್ಬರಿಗೆ ಮೂರು ನಾಲ್ಕು ಸೆಕೆಂಡ್ ಸಾಕು. ಕಂತೆ ನಾಲ್ಕೇ ಇರಲಿ: ವೇದಿಕೆಯ ಮೇಲಿದ್ದವರು, ದುಡ್ಡು ಕೊಟ್ಟವರು, ದುಡಿದವರು, ಕೂತು ಕೇಳಿದವರು. ಕೊನೆಯ ಕಂತೆಗೆ ಹೆಸರು ಬೇಕಿಲ್ಲ, ಅದೇ ಅದರ ದೊಡ್ಡ ಗುಣ.

ಪಟ್ಟಿಯ ಮೂಲ ಆಹ್ವಾನ ಪತ್ರಿಕೆ. ಆದರೆ ಮೂಲ ಎಂದಮಾತ್ರಕ್ಕೆ ಅದನ್ನೇ ಓದಿದರೆ ಕೆಟ್ಟಿರಿ. ಪತ್ರಿಕೆಯಲ್ಲಿ ಹೆಸರಿದ್ದು ಬಾರದವರು ಇಬ್ಬರಾದರೂ ಇರುತ್ತಾರೆ, ಹೆಸರಿಲ್ಲದೆ ಬಂದು ನಡುಗುರ್ಚಿಯಲ್ಲಿ ಕೂತವರು ಒಬ್ಬರಾದರೂ ಇರುತ್ತಾರೆ. ಅದಕ್ಕೇ ಪೆನ್ಸಿಲ್ ಬೇಕು. ದೀಪ ಹಚ್ಚುವಾಗ ಒಮ್ಮೆ, ಸನ್ಮಾನ ಆರಂಭವಾಗುವಾಗ ಒಮ್ಮೆ, ಶಾಲೆಯ ಹಾಜರಿ ತೆಗೆದಂತೆ ಗುರುತು ಹಾಕಿಕೊಳ್ಳಿ. ಬಂದವರಿಗೆ ರೈಟು, ಬಾರದವರಿಗೆ ಸೊನ್ನೆ, ಅರ್ಧಕ್ಕೆ ಎದ್ದು ಹೋದವರಿಗೆ ಅಡ್ಡಗೆರೆ. ಈ ಮೂರನೆಯ ವರ್ಗವೇ ಅಪಾಯಕಾರಿ. ‘ಕಾರ್ಯಬಾಹುಳ್ಯದ ನಡುವೆಯೂ ಕೊನೆಯವರೆಗೆ ನಮ್ಮೊಡನಿದ್ದ’ ಎಂದು ಬರೆದುಕೊಂಡು ಬಂದ ವಾಕ್ಯವನ್ನು ಖಾಲಿ ಕುರ್ಚಿಯ ಕಡೆ ತಿರುಗಿ ಓದಿದರೆ ಆ ಸಂಜೆ ಬಿದ್ದ ಏಕೈಕ ನಿಜವಾದ ಚಪ್ಪಾಳೆ ನಿಮಗೇ ಸಲ್ಲುತ್ತದೆ.

ಹೆಸರುಗಳಲ್ಲಿ ಇನಿಷಿಯಲ್ಲಿನ ಮೇಲೆ ಕಣ್ಣಿಡಿ. ಕೆ.ಜಿ. ಎಂಬುವರನ್ನು ಜಿ.ಕೆ. ಎಂದರೆ ಅವರು ನಗುತ್ತಾ ಕೈಮುಗಿಯುತ್ತಾರೆ, ಮುಂದಿನ ವರ್ಷ ಚಂದಾ ಪುಸ್ತಕ ತೆಗೆದುಕೊಂಡು ಹೋದಾಗ ಮನೆಯಲ್ಲಿ ಇರುವುದಿಲ್ಲ. ‘ಡಾ.’ ಬಿಟ್ಟುಹೋಗುವುದು ಒಂದು ಅಪರಾಧ, ಇಲ್ಲದವರಿಗೆ ಹಚ್ಚುವುದು ಇನ್ನೊಂದು. ಎರಡನೆಯದಕ್ಕೆ ಯಾರೂ ತಕರಾರು ತೆಗೆದದ್ದು ಕಂಡಿಲ್ಲ. ಸ್ಮರಣಾರ್ಥ ದಾನ ಕೊಟ್ಟವರ ವಿಷಯದಲ್ಲಿ ಉಸಿರು ಎಲ್ಲಿ ತೆಗೆಯಬೇಕೆಂದು ಹಾಳೆಯ ಮೇಲೆ ಗೆರೆ ಎಳೆದುಕೊಳ್ಳುವುದು ಕಡ್ಡಾಯ. ‘ದಿವಂಗತ ತಂದೆಯವರ ಸ್ಮರಣಾರ್ಥ’ ಎಂದು ನಿಲ್ಲಿಸಿ, ಮಗನ ಹೆಸರು ಹೇಳಿ, ‘ಊಟದ ಖರ್ಚು ವಹಿಸಿಕೊಂಡಿದ್ದಾರೆ’ ಎನ್ನಬೇಕು. ಉಸಿರು ‘ದಿವಂಗತ’ ಎಂಬಲ್ಲಿಯೇ ನಿಂತು, ಮುಂದಿನ ಸಾಲಿನಲ್ಲಿ ಕಣ್ಣಿಗೆ ಬಿದ್ದದ್ದು ಮಗನ ಹೆಸರಾದರೆ, ಮೊದಲ ಸಾಲಿನಲ್ಲಿ ಬಾದಾಮಿ ಹಾಲು ಕುಡಿಯುತ್ತಾ ಕೂತ ಮಗ ಅಲ್ಲಿಯೇ ಕೈಲಾಸವಾಸಿ.

ಹಾಳೆಯ ಕಥೆ ಬೇರೆಯೇ. ಮನೆಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿ, ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟರೆ, ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. ಕನ್ನಡದ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ ಹೊತ್ತ ಪರದೇಶಿ ಅಕ್ಷರಗಳ ಮೆರವಣಿಗೆ ಹೊರಡುತ್ತದೆ. ಕಾರಣ ಸರಳ: ಆ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಮತ್ತಿತರ ರೋಮನ್ ಅಕ್ಷರಗಳ ಸಂಕೇತಗಳು, ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ತೊಡಿಸಿರುತ್ತದೆ, ಅಷ್ಟೆ. ಫಾಂಟ್ ಹೋದರೆ ವೇಷ ಕಳಚಿತು. ಕನ್ನಡಕ್ಕೇ ಸ್ವಂತ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬರೆಯಿರಿ, ಇಲ್ಲವೇ ಪಿಡಿಎಫ್ ಮಾಡಿ ಒಯ್ಯಿರಿ. ರಾಜ್ಯೋತ್ಸವದ ದಿನವೇ ಕನ್ನಡ ಕೈಕೊಟ್ಟಿತೆಂದು ಅಂಗಡಿಯವನ ಮೇಲೆ ರೇಗುವುದು ಬೇಡ.

ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಿರಬಾರದು. ಇಂಗ್ಲಿಷಿಗೆ 14 ಸಾಕಾಗಬಹುದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇರುವೆಗಳಂತೆ ಕೂರುವುದರಿಂದ ವೇದಿಕೆಯ ದೀಪದಲ್ಲಿ ‘ಸಿದ್ದಪ್ಪ’ ಮತ್ತು ‘ಸಿದ್ದಮ್ಮ’ ಒಂದೇ ಆಗಿ ಕಾಣುತ್ತಾರೆ. ಹಾಳೆಯ ಒಂದೇ ಬದಿಗೆ ಮುದ್ರಿಸಿ, ಮೂಲೆಯಲ್ಲಿ ಪುಟಸಂಖ್ಯೆ ಹಾಕಿ. ಏಕೆಂದರೆ ಅತಿಥಿಗಳ ಸೆಕೆ ನೀಗಿಸಲು ಇಟ್ಟ ಪೆಡೆಸ್ಟಲ್ ಫ್ಯಾನು ತಲೆ ತಿರುಗಿಸುತ್ತಾ ತಿರುಗಿಸುತ್ತಾ ನಿಮ್ಮ ಕಡೆ ಬರುವ ಗಳಿಗೆ ಒಂದಿದೆ, ಆಗ ಹಾಳೆಗಳು ವೇದಿಕೆಯ ತುಂಬ. ಆಯ್ದು ಕೊಡುವ ಐದು ಕೈಗಳು ಐದು ಕ್ರಮದಲ್ಲಿ ಕೊಡುತ್ತವೆ.

‘ಹಾಳೆ ಯಾಕೆ, ಮೊಬೈಲಿನಲ್ಲೇ ಇದೆ’ ಎನ್ನುವವರಿಗೆ ಒಂದು ಮಾತು. ಮೂವತ್ತು ಸೆಕೆಂಡಿಗೆ ಪರದೆ ಆರುವಂತೆ ನೀವೇ ಸೆಟ್ಟಿಂಗ್ ಮಾಡಿಟ್ಟಿರುತ್ತೀರಿ. ಸಭೆಯತ್ತ ಒಮ್ಮೆ ತಲೆಯೆತ್ತಿ ಮುಗುಳ್ನಕ್ಕು ಕೆಳಗೆ ನೋಡಿದರೆ ಕಪ್ಪು ಗಾಜು, ಅದರಲ್ಲಿ ನಿಮ್ಮದೇ ಮುಖ. ಬೆವರಿದ ಬೆರಳನ್ನು ಅದು ಗುರುತಿಸುವುದಿಲ್ಲ. ನಾಲ್ಕಂಕಿ ಒತ್ತುವಷ್ಟರಲ್ಲಿ ಮನೆಯಿಂದ ಕರೆ: ‘ಊಟ ಅಲ್ಲೇನಾ, ಇಲ್ಲೇನಾ?’ ಅದು ಮೈಕಿನಲ್ಲಿ ಕೇಳುವುದು ಒಂದು ವಿಷಯ. ಬ್ಲೂಟೂತ್ ಮೂಲಕ ಧ್ವನಿವರ್ಧಕದವನ ಪೆಟ್ಟಿಗೆಗೆ ಫೋನ್ ಜೋಡಿಸಿ ನೃತ್ಯದ ಹಾಡು ಹಾಕಿದ್ದವರು ನೀವೇ ಆಗಿದ್ದರೆ ಇಡೀ ಬಡಾವಣೆಗೇ ಕೇಳುತ್ತದೆ.

ಮೈಕು ಗಲ್ಲದ ಎತ್ತರಕ್ಕೆ, ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆಯಾಗಿ ಇರಲಿ. ನೇರ ಬಾಯೆದುರು ಹಿಡಿದರೆ ‘ಪ’, ‘ಫ’, ‘ಭ’ಗಳ ಗಾಳಿ ಮೈಕಿನ ಪೊರೆಗೆ ಬಡಿದು ‘ಪ್ರಾಯೋಜಕರು’ ಎಂಬಲ್ಲಿ ಪಟಾಕಿ ಸಿಡಿಯುತ್ತದೆ, ‘ಫಲಪುಷ್ಪ’ದಲ್ಲಿ ಮೂರು. ಮೈಕಿನ ಜಾಲರಿ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಗಾಯಕರ ಶೈಲಿ ಬೇಡವೇ ಬೇಡ: ಮುಂದಿನ ದನಿಯನ್ನಷ್ಟೇ ಹಿಡಿಯುವಂತೆ ಮಾಡಿದ ಅದರ ಕಂಡಿಗಳು ಮುಚ್ಚಿಹೋಗಿ, ಪೆಟ್ಟಿಗೆಯಿಂದ ಬಂದ ಸದ್ದೇ ಮತ್ತೆ ಮೈಕಿಗೆ ಹೊಕ್ಕು, ‘ಕುಂಯ್ಞ್’ ಎಂದು ಕೂಗು ಏಳುತ್ತದೆ. ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಕೂಡ ಬೇಡ. ಮೂರು ಗಂಟೆಯಿಂದ ಅದರಲ್ಲೇ ಎಲ್ಲರೂ ಮಾತಾಡಿದ್ದಾರೆ. ಟೆಸ್ಟ್ ಆಗಬೇಕಾದದ್ದು ಮೈಕಲ್ಲ.

ಇನ್ನು ಪದಗಳು. ‘ನಾವು ನಿಮಗೆ ಅಭಾರಿ’ ಎಂದು ಬಹಳ ಮಂದಿ ಹೇಳುತ್ತಾರೆ. ಆಭಾರ ಎಂದರೆ ಉಪಕಾರದ ಹೊರೆ, ಅದನ್ನು ಹೊತ್ತವನು ಆಭಾರಿ. ದೀರ್ಘ ತೆಗೆದು ‘ಅಭಾರಿ’ ಎಂದರೆ ಭಾರವೇ ಇಲ್ಲದವನು, ಋಣ ಗಿಣ ಏನೂ ಇಲ್ಲ ಎಂದು ಕೈಕೊಡವಿದಂತೆ. ಖಜಾಂಚಿಯ ಮನಸ್ಸಿನಲ್ಲಿ ಅದೇ ಇರಬಹುದು, ಮೈಕಿನಲ್ಲಿ ಬರಬಾರದು. ‘ಚಿರಋಣಿ’ ಎಂಬುದನ್ನೂ ನೋಡಿ ಬಳಸಿ. ಶಾಮಿಯಾನದವನಿಗೆ ಮುಂಗಡ ಮಾತ್ರ ಕೊಟ್ಟು ಉಳಿದದ್ದು ಬಾಕಿ ಇಟ್ಟಿದ್ದರೆ, ‘ನಿಮಗೆ ಸಂಘ ಚಿರಋಣಿ’ ಎಂಬ ಮಾತು ಅವನ ಕಿವಿಗೆ ಬೇರೆ ರೀತಿಯೇ ಬೀಳುತ್ತದೆ. ಹಕಾರದ ವಿಷಯ ಹೇಳುವುದೇ ಬೇಡ. ‘ಆದರ’ಕ್ಕೆ ಒಂದು ಹಕಾರ ಹತ್ತಿತೆಂದರೆ ಮುಂದಿನ ಸಾಲಿನ ಮಹಿಳಾ ಮಂಡಳಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತದೆ. ಅನುಮಾನವಿದ್ದವರು ‘ಪ್ರೀತಿಯ’ ಎಂದು ಬರೆದುಕೊಳ್ಳಲಿ, ಅದರಲ್ಲಿ ಹಕಾರ ತೂರಿಸುವುದು ಯಾರಿಂದಲೂ ಆಗದು.

‘ಸಂಘದ ಪರವಾಗಿ ಹಾಗೂ ನನ್ನ ವೈಯಕ್ತಿಕ ಪರವಾಗಿ’ ಎಂಬ ಜೋಡೆತ್ತಿನ ಗಾಡಿ ಎಲ್ಲಿಂದ ಬಂತೋ ತಿಳಿಯದು. ನಿಮ್ಮ ಪರವಾಗಿ ಮಾತಾಡಲು ನಿಮ್ಮನ್ನು ಯಾರೂ ನಿಲ್ಲಿಸಿಲ್ಲ. ನಿಂತಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು, ಅಲ್ಲಿ ಜಗಳವಾಡಿಯೇ ಯಾವುದನ್ನೂ ತೀರ್ಮಾನಿಸುವ ಒಂದು ಸಂಸ್ಥೆಯ ಬಾಯಾಗಿ. ಆದ್ದರಿಂದ ಚಪ್ಪಾಳೆಯ ಕಾವಿನಲ್ಲಿ ‘ಮುಂದಿನ ವರ್ಷ ನಮ್ಮದೇ ಸ್ವಂತ ಕಟ್ಟಡದಲ್ಲಿ ಭೇಟಿಯಾಗೋಣ’ ಎನ್ನಬೇಡಿ. ನಿವೇಶನವೇ ಇಲ್ಲ ಎಂಬುದು ಅಧ್ಯಕ್ಷರ ಮುಖದಲ್ಲಿ ತಕ್ಷಣ ಕಾಣುತ್ತದೆ. ಮುಖ್ಯ ಅತಿಥಿಗಳು ಭಾಷಣದಲ್ಲಿ ಚರಂಡಿಯ ಬಗ್ಗೆ ಏನಾದರೂ ಅಂದಿದ್ದರೆ ಅದಕ್ಕೆ ಉತ್ತರ ಕೊಡುವ ಜಾಗವೂ ಇದಲ್ಲ. ದಾನದ ಮೊತ್ತವನ್ನು ಹೇಳಲೇಬಾರದು. ಐದು ಸಾವಿರದವರ ಹೆಸರಿನ ಹಿಂದೆಯೇ ಐನೂರರವರ ಹೆಸರು ಬಂದರೆ ಐನೂರರವರಿಗೆ ಮುಜುಗರ; ಕೊಡುತ್ತೇನೆಂದು ಹೇಳಿ ಕೊಡದವರ ಮೊತ್ತ ಓದಿಬಿಟ್ಟರೆ ಅವರಿಗೆ ಕೊಟ್ಟಷ್ಟೇ ಸಮಾಧಾನ, ಆಮೇಲೆ ಕೊಡುವುದೇ ಇಲ್ಲ.

ಮಾತಿನ ನಡುವೆ ಚೀಟಿಗಳು ಬರುತ್ತವೆ. ಯಾರೋ ಬಾಗಿಕೊಂಡು ಬಂದು, ಬಿಸ್ಕತ್ತಿನ ಪೊಟ್ಟಣ ಹರಿದು ಬರೆದದ್ದನ್ನು ಕೈಗೆ ತುರುಕಿ ಹೋಗುತ್ತಾರೆ. ಬಂದ ಚೀಟಿಯನ್ನು ಮೊದಲು ಮನಸ್ಸಿನಲ್ಲಿ ಓದಿ, ಆಮೇಲೆ ಮೈಕಿನಲ್ಲಿ. ‘ವಿಶೇಷವಾಗಿ ಧನ್ಯವಾದ ಹೇಳಬೇಕಾದವರು’ ಎಂದು ಶುರುಮಾಡಿ ಚೀಟಿ ಬಿಡಿಸಿದರೆ ಒಳಗೆ ಗಾಡಿಯ ನಂಬರು, ‘ಗೇಟಿಗೆ ಅಡ್ಡ ನಿಂತಿದೆ, ತೆಗೆಸಿ’.

ಹೊತ್ತಿನ ಕಾಟವೂ ಇದೆ. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹರಿದಿನಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಅದು ನಿಮ್ಮ ಬಡಾವಣೆಯ ಭಾನುವಾರಕ್ಕೇ ಬಂದು ಕೂರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಐದೂವರೆಗೆ ಎಂದು ಅಚ್ಚಾದ ಕಾರ್ಯಕ್ರಮ ಏಳಕ್ಕೆ ಆರಂಭವಾಗಿ, ಸನ್ಮಾನಿತರು ನಾಲ್ವರಿಂದ ಹನ್ನೊಂದಾಗಿ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋ ಎಂದು ಒಬ್ಬೊಬ್ಬರಿಗೆ ಮೂರು ನಿಮಿಷ ಹಿಡಿದು, ಒಂಬತ್ತು ಐವತ್ತಕ್ಕೆ ನಿಮ್ಮ ಹೆಸರು ಕೂಗುತ್ತಾರೆ. ಅಷ್ಟರಲ್ಲಿ ಬೀಟ್ ಪೊಲೀಸರ ಬೈಕು ಪೆಂಡಾಲಿನ ಬಾಯಿಗೆ ಬಂದು ನಿಂತಿರುತ್ತದೆ. ದುಡಿದವರ ಕಂತೆಯಲ್ಲಿದ್ದ ಪೊಲೀಸ್ ಇಲಾಖೆಯನ್ನು ಹಾಗೇ ಮೊದಲಿಗೆ ಎಳೆದುಕೊಳ್ಳಿ. ಐದು ನಿಮಿಷ ಹೆಚ್ಚು ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಡುಗೆಯವರ ಹೆಸರು ಎಲ್ಲಿ ಬರಬೇಕು ಎಂಬುದು. ‘ಊಟ’ ಎಂಬ ಎರಡಕ್ಷರ ಬಾಯಿಂದ ಬಿದ್ದೊಡನೆ ಸಭೆ ಏಳುತ್ತದೆ. ಮೊದಲು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳ ಕಿರ್ರೆಂಬ ಸದ್ದು, ಆಮೇಲೆ ಮಕ್ಕಳ ಓಟ, ಆಮೇಲೆ ಯಾರೂ ಗಮನಿಸುತ್ತಿಲ್ಲವೆಂಬಂತೆ ಮೇಲೇಳುವ ಹಿರಿಯರು. ಬಿಸಿಬೇಳೆಬಾತಿನ ಒಗ್ಗರಣೆ ಆಗಲೇ ಗಾಳಿಯಲ್ಲಿ ಪ್ರಚಾರ ಮಾಡಿರುತ್ತದೆ. ನಿಮ್ಮದು ಅಧಿಕೃತ ಪ್ರಕಟಣೆ ಅಷ್ಟೆ. ಆದ್ದರಿಂದ ಅಡುಗೆಯವರ ಹೆಸರು ಕಟ್ಟಕಡೆಗೆ, ‘ಊಟಕ್ಕೆ ದಯಮಾಡಿಸಬೇಕು’ ಎಂಬುದು ರಾಷ್ಟ್ರಗೀತೆಗೆ ಎದ್ದು ನಿಲ್ಲಲು ಹೇಳುವ ಮುಂಚೆ ಅಲ್ಲ, ಅದು ಮುಗಿದ ಮೇಲೆ. ಇದನ್ನು ತಿರುವುಮುರುವು ಮಾಡಿದ ವೇದಿಕೆಗಳಲ್ಲಿ ರಾಷ್ಟ್ರಗೀತೆಯನ್ನು ಹಾಡುವುದು ಹಾರ್ಮೋನಿಯಂ ಜತೆಗೆ ಇಬ್ಬರು ಮಾತ್ರ.

ಎಷ್ಟೇ ಜಾಗರೂಕರಾಗಿದ್ದರೂ ಒಂದು ಹೆಸರು ಬಿಟ್ಟೇ ಹೋಗುತ್ತದೆ. ಬಹಳ ಸಲ ಅದು ನಿರೂಪಕರದ್ದು, ಪಕ್ಕದಲ್ಲೇ ನಿಂತಿದ್ದರಿಂದ ಕಾಣದೆ ಹೋದದ್ದು. ಇಲ್ಲವೇ ಜನರೇಟರಿಗೆ ಡೀಸೆಲ್ ತಂದುಕೊಟ್ಟವರದ್ದು. ‘ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಕ್ಷಮೆಯಿರಲಿ’ ಎಂಬ ಸಾಲು ಇದಕ್ಕೆ ಔಷಧವಲ್ಲ. ಬಿಟ್ಟುಹೋದವರು ಅದನ್ನು ತಮಗೆಂದೇ ಬರೆದದ್ದು ಎಂದು ತಿಳಿಯುತ್ತಾರೆ. ಮರುದಿನ ಬೆಳಗ್ಗೆ ಅವರು ಇನ್ನಾರಿಗೋ ಫೋನ್ ಮಾಡುವ ಮುಂಚೆ ನೀವೇ ಮಾಡಬೇಕು, ಅಂದರೆ ಏಳೂವರೆಯೊಳಗೆ. ಕೆಲವು ಹಳೆಯ ಸಂಘಗಳು ಇನ್ನೂ ಜಾಣತನದ ದಾರಿ ಹಿಡಿದಿವೆ: ಯಾರ ಹೆಸರು ಬಿಟ್ಟರೆ ದೊಡ್ಡ ರಂಪವಾಗುತ್ತದೋ, ವಂದನಾರ್ಪಣೆಯನ್ನು ಅವರಿಗೇ ವಹಿಸುತ್ತವೆ.