ಗೇಮ್ ಸ್ಟೋರಿನ ಮೇಜಿಗೂ ಬಾಡಿಗೆ ಇದೆ

ಊರಿನ ಗೇಮ್ ಸ್ಟೋರ್ ಮುಚ್ಚಿದಾಗಲೆಲ್ಲ ಜನ ಆನ್‌ಲೈನ್ ಮಾರಾಟದ ಕಡೆಗೆ ಬೊಟ್ಟು ಮಾಡುತ್ತಾರೆ. ಪೈಪೋಟಿ ಇರುವುದು ನಿಜ. ಆದರೆ ಅಂಗಡಿಯನ್ನು ಸದ್ದಿಲ್ಲದೆ ಸೊರಗಿಸುವುದು ಅದರ ಹಿಂಭಾಗದಲ್ಲಿ ಹಾಕಿದ ಆಟದ ಮೇಜುಗಳ ಖರ್ಚು. ನಾಲ್ಕು ಜನ ಸೇರಲಿ ಎಂದು ಪ್ರೀತಿಯಿಂದ ಬಿಟ್ಟ ಜಾಗ ಅದು. ಪ್ರೀತಿಯಿಂದ ಬಿಟ್ಟಿದ್ದಕ್ಕೇ ಅದರ ಲೆಕ್ಕ ಯಾವ ಪುಸ್ತಕದಲ್ಲೂ ಏರುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂಥದ್ದೊಂದು ತೆರೆಯುವ ಆಸೆ ಇರುವವರು ಅಮೆರಿಕದ ಅಂಗಡಿಗಳ ಫೋಟೋ ನೋಡಿ ಮುಂಗಡ ಕೊಡುವ ಮೊದಲು ಈ ಲೆಕ್ಕ ಹಾಕಲೇಬೇಕು.

ಅಲ್ಲಿ ಗೇಮ್ ಸ್ಟೋರ್ ಅಂದರೆ ವಿಡಿಯೋ ಗೇಮ್ ಅಂಗಡಿ ಅಲ್ಲ. ಮುಂದೆ ಕಪಾಟು, ಹಿಂದೆ ಮೇಜು-ಕುರ್ಚಿ. ಮಾರುವ ಸಾಮಾನು ಮ್ಯಾಜಿಕ್: ದ ಗ್ಯಾದರಿಂಗ್, ಪೋಕೆಮಾನ್‌ನಂಥ ಸಂಗ್ರಹಿಸಿ ಆಡುವ ಕಾರ್ಡುಗಳು, ಕ್ಯಾಟನ್ ಥರದ ಬೋರ್ಡ್ ಗೇಮುಗಳು, ಪಾತ್ರ ವಹಿಸಿ ಕಥೆ ಕಟ್ಟುತ್ತ ಆಡುವ, 1974ರಿಂದ ನಡೆದುಬಂದಿರುವ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಪುಸ್ತಕ ಮತ್ತು ದಾಳ, ಆಡುವವರೇ ಬಣ್ಣ ಬಳಿಯುವ ವಾರ್‌ಹ್ಯಾಮರಿನ ಪುಟ್ಟ ಬೊಂಬೆ ಸೈನ್ಯ. ಇವುಗಳಲ್ಲಿ 1993ರಲ್ಲಿ ಬಂದ ಮ್ಯಾಜಿಕ್ ಈ ವ್ಯಾಪಾರದ ಚಹರೆಯನ್ನೇ ಬದಲಿಸಿತು. ಕಾರ್ಡು ಕೊಂಡವರಿಗೆ ಎದುರಾಳಿ ಬೇಕು, ಎದುರಾಳಿ ಸಿಗುವುದಕ್ಕೆ ಜಾಗ ಬೇಕು. 2000ದಲ್ಲಿ ಮ್ಯಾಜಿಕ್ ತಯಾರಿಸುವ ಕಂಪನಿಯವರು ಫ್ರೈಡೇ ನೈಟ್ ಮ್ಯಾಜಿಕ್ ಶುರು ಮಾಡಿದರು. ಶುಕ್ರವಾರ ಸಂಜೆ ಅಂಗಡಿಯಲ್ಲಿ ಪಂದ್ಯ ಇದ್ದೇ ಇರುತ್ತದೆ ಅನ್ನುವ ರೂಢಿ ಅಲ್ಲಿಂದ ಗಟ್ಟಿಯಾಯಿತು.

ಮೊದಲು ಕಪಾಟಿನ ಲೆಕ್ಕ. ಪೆಟ್ಟಿಗೆಯ ಮೇಲೆ 50 ಡಾಲರ್ ಎಂದು ಇರುವ ಬೋರ್ಡ್ ಗೇಮು ಅಂಗಡಿಗೆ ಸುಮಾರು 27 ಡಾಲರಿಗೆ ಬರುತ್ತದೆ ಎಂದುಕೊಳ್ಳಿ. ಅದೇ ಆಟ ಆನ್‌ಲೈನಿನಲ್ಲಿ 36ಕ್ಕೆ ಸಿಕ್ಕರೆ ಅಂಗಡಿಯವರು ಬೆಲೆಯಲ್ಲಿ ಪೈಪೋಟಿಗೆ ಇಳಿಯಬಾರದು. 9 ಡಾಲರಿನಲ್ಲಿ ಬಾಡಿಗೆ, ಸಂಬಳ, ಕರೆಂಟು ಏನೂ ಗಿಟ್ಟುವುದಿಲ್ಲ. ಸೀಲ್ ಆದ ಕಾರ್ಡು ಪೆಟ್ಟಿಗೆಗಳ ಮಾರ್ಜಿನ್ ಇನ್ನೂ ತೆಳು. ಕಾರ್ಡಾಟದ ಅಂಗಡಿಗೆ ಉಸಿರು ಕೊಡುವುದು ಬಿಡಿ ಕಾರ್ಡುಗಳ ವ್ಯಾಪಾರ. ಅಲ್ಲಿ ಅದಕ್ಕೆ ಸಿಂಗಲ್ಸ್ ಅನ್ನುತ್ತಾರೆ. ಗಿರಾಕಿ ತಂದ ಹಳೆಯ ಸಂಗ್ರಹವನ್ನು ಕೊಂಡು, ಒಂದೊಂದಾಗಿ ಬೆಲೆ ಕಟ್ಟಿ ಮಾರುವುದು.

ಕೊಳ್ಳುವುದರಲ್ಲಿ ಒಂದು ಶಿಸ್ತು ಬೇಕು. ಮೊದಲು ಬೆಲೆ ಇರುವ ಕಾರ್ಡನ್ನೂ ಸಾವಿರ ಕಾರ್ಡಿಗೆ ಇಷ್ಟೆಂದು ಅಗ್ಗಕ್ಕೆ ಹೋಗುವ ರಾಶಿಯನ್ನೂ ಬೇರ್ಪಡಿಸಬೇಕು. ಬೆಲೆ ಇರುವ ಒಂದೊಂದನ್ನೂ ಪ್ಲಾಸ್ಟಿಕ್ ಕವಚದಿಂದ ತೆಗೆದು, ಬಿಳಿ ಬೆಳಕಿನಡಿ ವಾಲಿಸಿ ನೋಡಬೇಕು. ಗೀರು, ಮಡಿಕೆ, ಅಂಚಿನ ಬಿಳುಪು ಕಾಣುವುದು ಹಾಗೆ ನೋಡಿದಾಗಲೇ. ಕವಚದೊಳಗೇ ನೋಡಿ ದುಡ್ಡು ಎಣಿಸಿಕೊಟ್ಟರೆ ಮಧ್ಯಮ ಸ್ಥಿತಿಯ ಕಾರ್ಡಿಗೆ ಹೊಸದರ ಬೆಲೆ ತೆತ್ತಿರುತ್ತೀರಿ. ದುಬಾರಿ ಕಾರ್ಡಾದರೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ಹಿಂಬದಿಯ ಹಸಿರು ವೃತ್ತ ನೋಡಿ. ಅಸಲಿ ಮ್ಯಾಜಿಕ್ ಕಾರ್ಡಿನಲ್ಲಿ ಅದರೊಳಗೆ ನಾಲ್ಕು ಕೆಂಪು ಚುಕ್ಕೆಗಳು ಎಲ್ ಆಕಾರದಲ್ಲಿ ಕೂತಿರುತ್ತವೆ. ನಕಲಿಯಲ್ಲಿ ಸಾಮಾನ್ಯವಾಗಿ ಅವು ಚೆದುರಿರುತ್ತವೆ, ಇಲ್ಲವೇ ಇರುವುದೇ ಇಲ್ಲ. ಮಾರುವ ಬೆಲೆಯ ಅರ್ಧದಷ್ಟು ನಗದು, ಅಂಗಡಿಯ ಕ್ರೆಡಿಟ್, ಅಂದರೆ ಅಲ್ಲೇ ಸಾಮಾನು ಕೊಳ್ಳಲು ಬರುವ ಚೀಟಿ, ಆದರೆ 60-65 ಶೇಕಡಾ ಕೊಡುವುದು ಸಾಮಾನ್ಯ ಪದ್ಧತಿ. ಕ್ರೆಡಿಟ್ ಕೊಟ್ಟರೆ ಗಲ್ಲಾದಿಂದ ದುಡ್ಡು ಹೋಗುವುದಿಲ್ಲ ಅನ್ನುವ ಖುಷಿಯಲ್ಲಿ ಅದನ್ನು ಮರೆಯುವವರಿದ್ದಾರೆ. ಅದು ಅಂಗಡಿಯ ಮೇಲಿರುವ ಸಾಲ. ಹೊಸ ಸೆಟ್ ಬಂದ ವಾರ ಎಲ್ಲರೂ ಒಟ್ಟಿಗೆ ಕ್ರೆಡಿಟ್ ಚೀಟಿ ಹಿಡಿದು ಬಂದರೆ ಸರಕು ಖಾಲಿಯಾಗುತ್ತದೆ, ವಿತರಕರಿಗೆ ಕಟ್ಟಲು ನಗದು ಇರುವುದಿಲ್ಲ. ಬಾಕಿ ಇರುವ ಒಟ್ಟು ಕ್ರೆಡಿಟ್ ಎಷ್ಟು ಎಂದು ಪ್ರತಿ ತಿಂಗಳ ಕೊನೆಗೆ ಬರೆದಿಡಲೇಬೇಕು.

ಈಗ ಮೇಜಿಗೆ ಬರೋಣ. ನನ್ನ ಮಾತು ಇರುವುದೇ ಇಲ್ಲಿ.

6 ಅಡಿ ಮೇಜಿಗೆ ಕಾರ್ಡಾಡುವ ನಾಲ್ಕು ಜನ ಕೂರಬಹುದು. ಬೆನ್ನಿಗೆ ಬೆನ್ನು ತಾಗದಂತೆ ಓಡಾಡುವ ಜಾಗವನ್ನೂ ಸೇರಿಸಿದರೆ ತಲೆಗೆ 25 ಚದರಡಿ ಹಿಡಿಯಬೇಕು. 32 ಜನರಿಗೆ 8 ಮೇಜು, 800 ಚದರಡಿ. ವರ್ಷಕ್ಕೆ ಚದರಡಿಗೆ 20 ಡಾಲರ್ ಬಾಡಿಗೆ ಎಂದು ಹಿಡಿದರೆ ವರ್ಷಕ್ಕೆ 16,000, ತಿಂಗಳಿಗೆ ಹತ್ತಿರಹತ್ತಿರ 1,333 ಡಾಲರ್. ಈ ಜಾಗ ಪೂರ್ತಿ ತುಂಬುವುದು ತಿಂಗಳಿಗೆ ಎಂಟು ಸಂಜೆ ಮಾತ್ರ ಅಂದರೆ 256 ಕುರ್ಚಿ. ಒಂದು ಕುರ್ಚಿಗೆ ಒಂದು ಸಂಜೆಯ ಬಾಡಿಗೆಯೇ 5 ಡಾಲರ್ 20 ಸೆಂಟು. ಪಂದ್ಯ ನಡೆಸಲು ಒಬ್ಬರು ನಾಲ್ಕು ತಾಸು ನಿಂತರೆ, ತಾಸಿಗೆ 15ರಂತೆ 60 ಡಾಲರ್. ಅದು ತಲೆಗೆ ಸುಮಾರು 1.90. ಕರೆಂಟು, ಶೌಚಾಲಯದ ಸ್ವಚ್ಛತೆ, ಮುರಿದ ಕುರ್ಚಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಆಗಲೇ 7 ಡಾಲರ್ ದಾಟಿತು. ನಿಮ್ಮ ಊರಿನ ಬಾಡಿಗೆ ಹಾಕಿ ಇದೇ ಭಾಗಾಕಾರ ಮಾಡಿ ನೋಡಿ. ಬರುವ ಮೊತ್ತ ಆ ಕುರ್ಚಿಯ ನಿಜವಾದ ಬೆಲೆ. ಅದನ್ನು ಯಾರಾದರೊಬ್ಬರು ಕೊಡಲೇಬೇಕು. ಕೂತವರು ಕೊಡದಿದ್ದರೆ ಅಂಗಡಿಯವರು ತಮ್ಮ ಉಳಿತಾಯದಿಂದ ಕೊಡುತ್ತಿರುತ್ತಾರೆ.

ಪಂದ್ಯದ ಪ್ರವೇಶ ಶುಲ್ಕವನ್ನೂ ಪಕ್ಕದ ಅಂಗಡಿ ನೋಡಿ ಇಡುವುದಲ್ಲ. ಎಂಟು ಜನರ ಬೂಸ್ಟರ್ ಡ್ರಾಫ್ಟ್ ತಗೊಳ್ಳಿ: ಹೊಸ ಪ್ಯಾಕ್ ಒಡೆದು, ಒಂದು ಕಾರ್ಡು ಆರಿಸಿ ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತ, ಆರಿಸಿದ ಕಾರ್ಡುಗಳಿಂದಲೇ ಡೆಕ್ ಅಂದರೆ ಆಡುವ ಕಟ್ಟು ಕಟ್ಟಿಕೊಳ್ಳುವ ಪಂದ್ಯ. ತಲೆಗೆ 3 ಪ್ಯಾಕಿನಂತೆ 24. ಮೂರು ಸುತ್ತು, ಸುತ್ತಿಗೆ ನಾಲ್ಕು ಪಂದ್ಯ, ಡ್ರಾ ಆಗದಿದ್ದರೆ ಒಟ್ಟು 12 ಗೆಲುವು. ಗೆಲುವಿಗೊಂದು ಪ್ಯಾಕ್ ಬಹುಮಾನವಾದರೆ 12. ಎರಡೂ ಸೇರಿ 36. ಮೊದಲು ಪೆಟ್ಟಿಗೆಗೆ 36 ಪ್ಯಾಕ್ ಇದ್ದಾಗ ಒಂದು ಪೆಟ್ಟಿಗೆಗೆ ಒಂದು ಡ್ರಾಫ್ಟ್ ಚೊಕ್ಕವಾಗಿ ಮುಗಿಯುತ್ತಿತ್ತು. 2025ರ ಆರಂಭದಿಂದ ಪ್ಲೇ ಬೂಸ್ಟರ್ ಎಂಬ ಈಗಿನ ಪ್ಯಾಕುಗಳ ಪೆಟ್ಟಿಗೆಯಲ್ಲಿ 30 ಮಾತ್ರ. ಹಳೆಯ ಬಹುಮಾನವನ್ನೇ ಇಟ್ಟುಕೊಂಡರೆ ಪ್ರತಿ ಸಲ ಎರಡನೇ ಪೆಟ್ಟಿಗೆಯಿಂದ 6 ಪ್ಯಾಕ್ ಹೋಗುತ್ತದೆ. ಒಂದೋ ಬಹುಮಾನ ಇಳಿಸಿ, ಇಲ್ಲವೇ ಶುಲ್ಕ ಏರಿಸಿ, ಮತ್ತು ಏಕೆಂದು ಗೋಡೆಯ ಮೇಲೆ ಬರೆದು ಹಾಕಿ. ಕಾರಣ ಹೇಳಿ ಏರಿಸಿದ ಶುಲ್ಕಕ್ಕೆ ಆಟಗಾರರು ತಕರಾರು ಮಾಡುವುದು ಕಡಿಮೆ.

ಸಮಯದ ಲೆಕ್ಕವೂ ಮುಖ್ಯ. ಕಾರ್ಡು ಆರಿಸಲು 40 ನಿಮಿಷ, ಡೆಕ್ ಕಟ್ಟಲು 30, ಸುತ್ತಿಗೆ 50ರಂತೆ ಮೂರು ಸುತ್ತು, ನಡುವೆ ಜೋಡಿ ಹಾಕಲು ಹತ್ತು ಹತ್ತು ನಿಮಿಷ. ಸಂಜೆ 6.30ಕ್ಕೆ ಸರಿಯಾಗಿ ಶುರುವಾದರೂ ಮುಗಿಯುವಾಗ ರಾತ್ರಿ 10.30. 7.15ರವರೆಗೆ ಒಬ್ಬರಿಗಾಗಿ ಕಾದರೆ ಮೂರನೇ ಸುತ್ತಿಗೆ ಅರ್ಧ ಜನ ಎದ್ದು ಹೋಗುತ್ತಾರೆ. ಮನೆಯಲ್ಲಿ ಮಕ್ಕಳಿರುವವರು, ಕೊನೆಯ ಬಸ್ಸು ಹಿಡಿಯಬೇಕಾದವರು ಮುಂದಿನ ವಾರ ಬರುವುದೇ ಇಲ್ಲ.

ಉಚಿತವಾಗಿ ಬಿಟ್ಟ ಮೇಜಿನ ಮೇಲೆ ಏನಾಗುತ್ತದೆ? ಬೇರೆಡೆ ಕೊಂಡ ಕಾರ್ಡು, ಹೊರಗಿನ ತಿಂಡಿ ಹಿಡಿದು ಬರುವ ಒಂದು ಗುಂಪು ಮಧ್ಯಾಹ್ನದಿಂದಲೇ ಕೂತಿರುತ್ತದೆ. ಅವರು ಕೆಟ್ಟವರಲ್ಲ, ಎಷ್ಟೋ ಸಲ ಅಂಗಡಿಯ ಅತಿ ಪ್ರೀತಿಯ ಗಿರಾಕಿಗಳೇ. ಆದರೆ ಮೊದಲ ಸಲ ಬಂದ ತಾಯಿ-ಮಗಳಿಗೆ ಖಾಲಿ ಕುರ್ಚಿ ಕಾಣುವುದಿಲ್ಲ, ವಾಪಸ್ ಹೋಗುತ್ತಾರೆ. 2010ರಲ್ಲಿ ಟೊರೊಂಟೊದಲ್ಲಿ ತೆರೆದ ಸ್ನೇಕ್ಸ್ ಅಂಡ್ ಲಾಟೆಸ್ ಎಂಬ ಬೋರ್ಡ್ ಗೇಮ್ ಕೆಫೆ ಕೂತು ಆಡುವುದಕ್ಕೇ ತಲೆಗಿಷ್ಟು ಎಂದು ಶುಲ್ಕ ಇಟ್ಟಿತು, ಜನ ಸಾಲುಗಟ್ಟಿದರು. ನನ್ನ ಮಟ್ಟಿಗೆ ಅಂಗಡಿಗೆ ಒಗ್ಗುವ ದಾರಿ ಇದು: ಮೇಜಿನ ಶುಲ್ಕ ತಗೊಳ್ಳಿ, ಅಂದೇ ಏನಾದರೂ ಕೊಂಡರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯಿರಿ. ಕೊಳ್ಳುವವರಿಗೆ ಮೇಜು ಪುಕ್ಕಟೆ, ಬರೀ ಕೂರುವವರು ಬಾಡಿಗೆಯ ಪಾಲು ಕೊಡುತ್ತಾರೆ, ಯಾರನ್ನೂ ಎಬ್ಬಿಸುವ ಮುಜುಗರವಿಲ್ಲ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಿಗೆ ವಾರದ ಒಂದು ಮಧ್ಯಾಹ್ನ ಉಚಿತ ಇಡಿ. ಆ ಹೊತ್ತಿನಲ್ಲಿ ಕುರ್ಚಿ ಹೇಗೂ ಖಾಲಿ.

ಎಲ್ಲ ಆಟಕ್ಕೂ ಒಂದೇ ಅಳತೆ ಸಲ್ಲದು. ವಾರ್‌ಹ್ಯಾಮರ್ 40,000 ಎಂಬ ಬೊಂಬೆ ಸೈನ್ಯದ ಆಟಕ್ಕೆ 44×60 ಇಂಚಿನ ಮೇಜು ಬೇಕು, ಇಬ್ಬರು ಮೂರು ತಾಸು ಹಿಡಿದಿಡುತ್ತಾರೆ. ಅದೇ ಜಾಗದಲ್ಲಿ ನಾಲ್ವರು ಕಾರ್ಡಾಡಬಹುದಿತ್ತು. ಹಾಗೆಂದು ಅವರನ್ನು ದೂಡಬಾರದು. ಬಣ್ಣ, ಕುಂಚ, ಅಂಟು ಎಂದು ಮತ್ತೆ ಮತ್ತೆ ಕೊಳ್ಳುವವರು ಅವರು, ಮತ್ತು ಬಣ್ಣದ ಡಬ್ಬಿಯನ್ನು ಕಣ್ಣಾರೆ ನೋಡಿ ಕೊಳ್ಳಲು ಇಷ್ಟಪಡುತ್ತಾರೆ. ಅವರಿಗೆ ಮಂಗಳವಾರವೋ ಬುಧವಾರವೋ ಕೊಡಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಮೇಜನ್ನು ಡ್ರಾಫ್ಟ್ ಮೇಜಿನಿಂದ ಆದಷ್ಟು ದೂರ ಹಾಕಿ. ಒಂದು ಕಡೆ ನಗು, ಕೂಗು, ನಾಟಕ. ಇನ್ನೊಂದು ಕಡೆ ಎಣಿಕೆ, ಏಕಾಗ್ರತೆ. ಹೊಸ ಆಟದ ರಾತ್ರಿ ಶುರು ಮಾಡಿದರೆ ಮೊದಲ ವಾರ ಮೂರೇ ಜನ ಬಂದರೆಂದು ರದ್ದು ಮಾಡಬೇಡಿ. ಎಂಟು ವಾರ ಅದೇ ದಿನ, ಅದೇ ಹೊತ್ತು ನಡೆಸಿ ಆಮೇಲೆ ತೀರ್ಮಾನಿಸಿ. ಒಂದು ಸಲ ಬಂದು ಬೀಗ ಕಂಡವರು ಮತ್ತೆ ಬರುವುದಿಲ್ಲ.

ಸಮುದಾಯ ಅನ್ನುವುದು ತಾನಾಗಿ ಬೆಳೆಯುವುದಿಲ್ಲ, ತಾನಾಗಿ ಕೆಡುವುದಂತೂ ಖಂಡಿತ. ಗಲ್ಲಾದಲ್ಲಿರುವವರು ಡ್ಯೂಟಿಯ ಹೊತ್ತಿನಲ್ಲಿ ತಾವೇ ಆಡುತ್ತ ಕೂತರೆ ಬಾಗಿಲಲ್ಲಿ ನಿಂತ ಹೊಸಬರನ್ನು ಯಾರೂ ಮಾತಾಡಿಸುವುದಿಲ್ಲ. ಸೀಲ್ ಒಡೆದ ಡೆಮೊ ಪ್ರತಿ ಹತ್ತು ಆಟದ್ದಾದರೂ ಇರಲಿ, ಒಂದೊಂದನ್ನೂ ಹತ್ತು ನಿಮಿಷದಲ್ಲಿ ಕಲಿಸಲು ಸಿಬ್ಬಂದಿಗೆ ಬರಬೇಕು. ಬೆವರಿನ ವಾಸನೆ ಈ ಅಂಗಡಿಗಳ ಹಳೆಯ ದೂರು. 32 ಜನ ನಾಲ್ಕು ತಾಸು ಕೂರುವ ಕೋಣೆಗೆ ಗಾಳಿಯಾಟ ಇಲ್ಲದಿದ್ದರೆ ತಪ್ಪು ಆಟಗಾರರದ್ದಲ್ಲ. ಮೇಜಿನಡಿ ಚೀಲ ನೇತುಹಾಕಲು ಕೊಕ್ಕೆ ಹಾಕಿಸಿ, ಡೆಕ್ ಕಳವು ಕಡಿಮೆಯಾಗುತ್ತದೆ. ಹೆಣ್ಣುಮಕ್ಕಳ ಜತೆ ಅಸಭ್ಯವಾಗಿ ನಡೆದುಕೊಂಡವರಿಗೆ ಎರಡನೇ ಅವಕಾಶ ಬೇಡ. ಎಷ್ಟೇ ದೊಡ್ಡ ಗಿರಾಕಿಯಾಗಿರಲಿ, ಮಾಲೀಕರೇ ಪಕ್ಕಕ್ಕೆ ಕರೆದು ಇನ್ನು ಬರಬೇಡಿ ಎನ್ನಬೇಕು. ಆ ಕೆಲಸವನ್ನು ಹತ್ತೊಂಬತ್ತು ವರ್ಷದ ಸಿಬ್ಬಂದಿಯ ತಲೆಗೆ ಕಟ್ಟುವುದು ಅನ್ಯಾಯ. ಒಬ್ಬರನ್ನು ಉಳಿಸಿಕೊಳ್ಳಲು ಹೋದರೆ ಐದಾರು ಜನ ಏನೂ ಹೇಳದೆ ಬಿಟ್ಟುಹೋಗುತ್ತಾರೆ. ಹೋದದ್ದು ಗೊತ್ತಾಗುವುದು ತಿಂಗಳ ಲೆಕ್ಕದಲ್ಲಿ.

ಒಂದೇ ಆಟ, ಒಬ್ಬರೇ ವಿತರಕರನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು 2025 ತೋರಿಸಿತು. ಜನವರಿಯಲ್ಲಿ ಡೈಮಂಡ್ ಕಾಮಿಕ್ ಡಿಸ್ಟ್ರಿಬ್ಯೂಟರ್ಸ್ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಗೇಮ್ ಅಂಗಡಿಗಳಿಗೆ ಸರಕು ಕೊಡುತ್ತಿದ್ದ ಅಲಯನ್ಸ್ ಆಗ ಅದರದ್ದೇ ವಿಭಾಗವಾಗಿತ್ತು. ಏಪ್ರಿಲ್‌ನಲ್ಲಿ ಚೀನಾದ ಸರಕಿನ ಮೇಲೆ ಅಮೆರಿಕದ ಸುಂಕ 145 ಶೇಕಡಾಕ್ಕೆ ಏರಿತು. ಬೋರ್ಡ್ ಗೇಮುಗಳಲ್ಲಿ ಬಹುಪಾಲು ಚೀನಾದಲ್ಲೇ ತಯಾರಾಗುವುದರಿಂದ ಪ್ರಕಾಶಕರು ಹಡಗನ್ನೇ ತಡೆಹಿಡಿದರು. ಆಗ ಕೈಹಿಡಿದದ್ದು ಗಿರಾಕಿಗಳಿಂದಲೇ ಕೊಂಡು ಮಾರುವ ಬಿಡಿ ಕಾರ್ಡು, ಹಳೆಯ ಆಟಗಳು. ಅದಕ್ಕೆ ಹಡಗೂ ಬೇಡ, ಸುಂಕವೂ ಇಲ್ಲ. ಸರಕು ಕೊರತೆಯಾದಾಗ ಇನ್ನೊಂದು ಪರೀಕ್ಷೆ ಎದುರಾಗುತ್ತದೆ. 2021ರಲ್ಲಿ ಪೋಕೆಮಾನ್ ಕಾರ್ಡಿಗೆ ಮುಗಿಬಿದ್ದ ಜನರ ಗಲಾಟೆಗೆ ಅಮೆರಿಕದ ಟಾರ್ಗೆಟ್ ಮಳಿಗೆಗಳು ಮಾರಾಟವನ್ನೇ ಕೆಲಕಾಲ ನಿಲ್ಲಿಸಿದವು. ಅಂಥ ವೇಳೆ ಇಡೀ ಪೆಟ್ಟಿಗೆಯನ್ನು ಮರುಮಾರಾಟದವರಿಗೆ ದುಪ್ಪಟ್ಟು ಬೆಲೆಗೆ ಕೊಡುವುದು ಸುಲಭ. ತಲೆಗೆ ಎರಡು ಪ್ಯಾಕ್ ಎಂದು ಮಿತಿ ಹಾಕಿ, ಕೌಂಟರಿನಲ್ಲೇ ಒಡೆಸಿ, ವಾರ ವಾರ ಬರುವ ಮಕ್ಕಳಿಗೆ ಸಿಗುವಂತೆ ಮಾಡುವುದೇ ಸರಿ ಎಂದು ನಾನು ನಂಬುತ್ತೇನೆ. ಆ ಮಕ್ಕಳು ಮುಂದಿನ ವರ್ಷವೂ ಬರುತ್ತಾರೆ.

ನಮ್ಮಲ್ಲಿಗೆ ಬಂದರೆ ಕೆಲವು ಲೆಕ್ಕ ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಚೆಸ್, ಕೇರಂ, ಲೂಡೋ ಮುಂತಾದ ಬೋರ್ಡ್ ಗೇಮುಗಳ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ, ಒಳ್ಳೆಯದೇ. ಬಿಡಿ ಕಾರ್ಡಿನ ಮಾರುಕಟ್ಟೆ ಇಲ್ಲಿ ಚಿಕ್ಕದು, ಹಾಗಾಗಿ ಆ ಜಾಗವನ್ನು ಕಾಫಿ-ತಿಂಡಿ ತುಂಬಬೇಕು. ಅದಕ್ಕೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು, ಎಣ್ಣೆಜಿಡ್ಡಿಲ್ಲದ ಮೆನು ಬೇಕು. ಬಜ್ಜಿ ತಿಂದ ಕೈ ಮುಟ್ಟಿದ ಕಾರ್ಡು ಮತ್ತೆ ಹೊಸದಾಗುವುದಿಲ್ಲ, ಆದ್ದರಿಂದ ಡೆಮೊ ಪ್ರತಿಗಳ ಎಲ್ಲ ಕಾರ್ಡಿಗೂ ಮೊದಲ ದಿನವೇ ಕವಚ ತೊಡಿಸಿ. ಸಾಮಾನ್ಯ ಕಾರ್ಡು 63×88 ಮಿಲಿಮೀಟರ್. ಆಟದಿಂದ ಆಟಕ್ಕೆ ಅಳತೆ ಬೇರೆ ಇರುತ್ತದೆ, ಅಳೆದು ಕೊಳ್ಳಿ.

ಇನ್ನೊಂದು ಮಾತು, ನನಗೆ ತುಂಬಾ ಮುಖ್ಯವಾದದ್ದು. ಇಲ್ಲಿ ಸಿಗುವ ಈ ಆಟಗಳ ನಿಯಮ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಹೆಚ್ಚು ಆಡುವ ಇಪ್ಪತ್ತು ಆಟಕ್ಕೆ ಒಂದೊಂದು ಪುಟದ ಕನ್ನಡ ನಿಯಮ ಬರೆದು ಲ್ಯಾಮಿನೇಟ್ ಮಾಡಿಸಿ ಪೆಟ್ಟಿಗೆಯಲ್ಲಿಟ್ಟರೆ ಅಜ್ಜಿ-ಮೊಮ್ಮಕ್ಕಳು ಒಟ್ಟಿಗೆ ಕೂರಬಹುದು. ಗುರಿ ಏನು, ಒಂದು ಸರದಿಯಲ್ಲಿ ಏನೇನು ಮಾಡಬಹುದು, ಆಟ ಮುಗಿಯುವುದು ಯಾವಾಗ, ಇಷ್ಟೇ ಸಾಕು. ಒಂದು ಮೇಜಿನ ಮೇಲೆ ಚೌಕಾಬಾರ, ಪಗಡೆ, ಅಳಗುಳಿಮಣೆ ಸದಾ ಹರಡಿರಲಿ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಪ್ರದರ್ಶನಗಳಲ್ಲಿ ಇಂಥ ಆಟಗಳನ್ನು ಎಷ್ಟು ಅಂದವಾಗಿ ಮಾಡಿಸಬಹುದೆಂದು ತೋರಿಸಿಕೊಟ್ಟಿದೆ. ಚೌಕಾಬಾರಕ್ಕೂ ನಿಯಮದ ಹಾಳೆ ಇಡಲೇಬೇಕು: ಮಣೆ 5×5 ಮನೆಯದ್ದೋ 7×7ರದ್ದೋ, ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಗರ, ಅಂದರೆ ಇವೆರಡರಲ್ಲಿ ಒಂದು, ಬಿದ್ದರೆ ಇನ್ನೊಂದಾಟ ಉಂಟೋ, ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೋ ಇಲ್ಲವೋ. ಇದು ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಆಟ ಶುರುವಾಗುವ ಮೊದಲೇ ಹಾಳೆ ತೋರಿಸಿ ಒಪ್ಪಿಸಿಕೊಳ್ಳಿ.